ಒಬ್ಬನಿಗೆ ಮೂರು ಹೆಸರು

(ಯಹೂದಿ ಪರಂಪರೆಯಲ್ಲಿ ಹೆಸರು ಮತ್ತು ವ್ಯಕ್ತಿತ್ವದ ಸಂಬಂಧವನ್ನು ಕುರಿತು ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಮೈಸೂರು ಸೀಮೆಯ ಚರಿತ್ರೆಗೆ ತಗುಲಿಕೊಂಡಿರುವ ಒಂದು ಕತೆಯಿಂದ ಮಾತು ಆರಂಭಿಸುತ್ತೇನೆ. 1780ರಿಂದ 1784ರವರೆಗೆ ನಡೆದ ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅನೇಕರು ಟಿಪ್ಪು ಸುಲ್ತಾನನ ಸೆರೆಯಾದರು. ಅವರಲ್ಲಿ ಕೊಂಕಣ ಕರಾವಳಿಯ ಒಬ್ಬ ದೇಶೀ ಅಧಿಕಾರಿಯಿದ್ದ. ಸೆರೆಯಾಳುಗಳ ಜಾತಿ-ಕುಲ ವಿಚಾರಿಸುವಾಗ ಅವನು ತಾನು 'ಬೆನೆ ಇಸ್ರೇಲ್' ಎಂದನಂತೆ. ಪರದೆಯ ಹಿಂದೆ ಕುಳಿತಿದ್ದ ಟಿಪ್ಪುವಿನ ತಾಯಿ ಆ ಮಾತನ್ನು ಕೇಳಿಸಿಕೊಂಡರು. 'ಬನೀ ಇಸ್ರಾಯೀಲ್' ಎಂಬ ಹೆಸರು ಕುರಾನಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಗ್ರಂಥದಲ್ಲಿ ಓದಿದ ಜನ ಕಣ್ಣೆದುರೇ ಇದ್ದಾರೆಂದು ತಿಳಿದು ಆ ತಾಯಿ, ಇವನನ್ನು ಉಳಿಸು ಎಂದು ಮಗನನ್ನು ಕೇಳಿಕೊಂಡರಂತೆ. ಅವನ ಪ್ರಾಣ ಉಳಿಯಿತು.

ಇದು ಭಾರತದ ಬೆನೆ ಇಸ್ರೇಲ್ ಯಹೂದಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕತೆ. ಅದರ ವಿವರಗಳನ್ನು ದಾಖಲೆಯಂತೆ ಹಿಡಿಯಬೇಕಾಗಿಲ್ಲ. ಆದರೆ ಆ ಮನುಷ್ಯ ಕಲ್ಪನೆಯವನಲ್ಲ. ಅವನು ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್. ಬಿಡುಗಡೆಯಾದ ಮೇಲೆ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್, ಎಂದರೆ ಯಹೂದಿ ಪ್ರಾರ್ಥನಾ ಮಂದಿರವನ್ನು ಕಟ್ಟಿಸಿದವನು ಇವನೇ.

ಈ ಒಬ್ಬ ಮನುಷ್ಯನಿಗೆ ಎಷ್ಟು ಹೆಸರುಗಳಿದ್ದವು ನೋಡಿ. ತನ್ನ ಜನರ ನಡುವೆ, ಮರಾಠಿ ಬಾಯಲ್ಲಿ ಅವನು ಸಾಮಾಜಿ ಹಸಾಜಿ. ಬೈಬಲಿನ ಸಮುವೇಲ ಸಾಮಾಜಿಯಾಗಿದ್ದ, ಯೆಹೆಜ್ಕೇಲ ಹಸಾಜಿಯಾಗಿದ್ದ. ಊರಿನ ಕಡೆಯಿಂದ ಬಂದದ್ದು ದಿವೇಕರ್. ಪೆಣ್ ಊರಿನವರು ಪೆಣಕರ್, ರೋಹಾದವರು ರೋಹೇಕರ್, ಚೌಲದವರು ಚೌಲಕರ್ ಆದ ಹಾಗೆ. ನೆರೆಹೊರೆಯವರ ಬಾಯಲ್ಲಿ ಅವನ ಸಮುದಾಯಕ್ಕೆ 'ಶನಿವಾರ ತೇಲಿ' ಎಂಬ ಹೆಸರಿತ್ತು. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದು ಅವರ ಸಬ್ಬತ್ತಿನ ದಿನ, ವಿಶ್ರಾಂತಿಯ ದಿನ. ಇಷ್ಟು ಹೆಸರುಗಳಲ್ಲಿ ಯಾವುದು ಅವನ 'ನಿಜವಾದ' ಹೆಸರು? ಪ್ರಾಣ ಉಳಿಸಿದ ಹೆಸರೇ? ಅಪ್ಪ-ಅಮ್ಮ ಕರೆದ ಹೆಸರೇ? ನೆರೆಯವರು ಗುರುತಿಸಿದ ಹೆಸರೇ?

ಈ ಪ್ರಶ್ನೆಗೆ ಯಹೂದಿ ಪರಂಪರೆಯಲ್ಲಿ ಬಹಳ ಹಳೆಯ ಉತ್ತರವೊಂದಿದೆ. ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಬೋಧನೆಗಳನ್ನೂ ಕತೆಗಳನ್ನೂ ಕೂಡಿಸಿಟ್ಟ ಗ್ರಂಥಗಳಿಗೆ 'ಮಿದ್ರಾಶ್' ಎನ್ನುತ್ತಾರೆ. ಅವುಗಳಲ್ಲಿ 'ತನ್ಹೂಮಾ' ಎಂಬುದು ಒಂದು. ಅದರಲ್ಲಿ ಬರುವ ವಿಚಾರ ಇದು: ಪ್ರತಿಯೊಬ್ಬ ಮನುಷ್ಯನಿಗೆ ಮೂರು ಹೆಸರುಗಳಿವೆ. ಒಂದು ತಂದೆ-ತಾಯಿ ಇಟ್ಟದ್ದು. ಇನ್ನೊಂದು ಲೋಕದವರು ಕರೆಯುವುದು. ಮೂರನೆಯದು ಅವನು ತಾನೇ ಗಳಿಸಿಕೊಂಡದ್ದು. ಮೂರರಲ್ಲೂ ಮಿಗಿಲಾದದ್ದು ಗಳಿಸಿಕೊಂಡ ಹೆಸರು.

ಕೇಳಲು ಇದು ಸರಳವಾದ ನೀತಿಮಾತಿನಂತಿದೆ. ಆದರೆ ಎರಡು ಸಾವಿರ ವರ್ಷ ಬೇರೆಯವರ ಆಳ್ವಿಕೆಗಳ ಕೆಳಗೆ, ಬೇರೆಯವರ ಭಾಷೆಗಳ ನಡುವೆ ಬಾಳಿದ ಒಂದು ಜನಾಂಗದ ಅನುಭವ ಇದರ ಹಿಂದಿದೆ. ಈ ಮೂರು ಹೆಸರುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ತಂದೆ-ತಾಯಿ ಇಟ್ಟ ಹೆಸರು. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿಯ ಸಂದರ್ಭದಲ್ಲಿ ಹೆಸರಿಡುತ್ತಾರೆ. ಹೆಣ್ಣುಮಗುವಿನ ಹೆಸರನ್ನು ಸಾಮಾನ್ಯವಾಗಿ ಸಿನಗಾಗಿನಲ್ಲಿ ಧರ್ಮಗ್ರಂಥದ ಪಾರಾಯಣದ ಹೊತ್ತಿಗೆ ಘೋಷಿಸುತ್ತಾರೆ. ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ. 'ಇಂಥವರ ಮಗ', 'ಇಂಥವರ ಮಗಳು' ಎಂದೇ ಪೂರ್ಣವಾಗುತ್ತದೆ. ಹೀಬ್ರೂ ಭಾಷೆಯಲ್ಲಿ 'ಬೆನ್' ಎಂದರೆ ಮಗ, 'ಬತ್' ಎಂದರೆ ಮಗಳು. ಮೋಶೆ ಬೆನ್ ಮೈಮೋನ್ ಎಂದರೆ ಮೈಮೋನನ ಮಗ ಮೋಶೆ. ಹನ್ನೆರಡನೆಯ ಶತಮಾನದ ಈ ಮಹಾಪಂಡಿತನನ್ನು ಪಾಶ್ಚಾತ್ಯರು ಮೈಮೋನಿಡೀಸ್ ಎನ್ನುತ್ತಾರೆ. ಯಹೂದಿಗಳು 'ರಬ್ಬಿ ಮೋಶೆ ಬೆನ್ ಮೈಮೋನ್' ಎಂಬುದರ ಮೊದಲಕ್ಷರಗಳನ್ನು ಕೂಡಿಸಿ 'ರಂಬಂ' ಎನ್ನುತ್ತಾರೆ. ಆ ಸಂಕ್ಷಿಪ್ತ ರೂಪದೊಳಗೂ ಅಪ್ಪನ ಹೆಸರು ಅಡಗಿದೆ.

ಯಾರ ಹೆಸರಿಡಬೇಕು ಎಂಬುದರಲ್ಲಿ ಎರಡು ಸಂಪ್ರದಾಯಗಳಿವೆ. ಮಧ್ಯ ಮತ್ತು ಪೂರ್ವ ಯೂರೋಪಿನ ಆಶ್ಕೆನಾಜಿ ಯಹೂದಿಗಳು ತೀರಿಕೊಂಡ ಬಂಧುವಿನ ಹೆಸರನ್ನು ಮಗುವಿಗೆ ಇಡುತ್ತಾರೆ. ಬದುಕಿರುವವರ ಹೆಸರಿಟ್ಟರೆ ಮೃತ್ಯುದೂತ ಗುರುತು ತಪ್ಪಿಯಾನು ಎಂಬ ಭಯ ಜನಪದ ನಂಬಿಕೆಯಲ್ಲಿದೆ. ಸ್ಪೇನ್ ಮೂಲದ ಸೆಫಾರ್ದಿಗಳಲ್ಲಾದರೋ ಬದುಕಿರುವ ಅಜ್ಜ-ಅಜ್ಜಿಯರ ಹೆಸರಿಡುವುದೇ ಗೌರವ. ರೂಢಿಗಳು ಬೇರೆಯಾದರೂ ಭಾವನೆ ಒಂದೇ: ಹೆಸರು ಮಗುವಿನ ಸ್ವಂತ ಆಸ್ತಿಯಲ್ಲ, ಹಿಂದಿನವರು ಅದರ ಕೈಗೆ ಒಪ್ಪಿಸಿದ ಠೇವಣಿ.

ಯಹೂದಿ ಧರ್ಮವನ್ನು ಹೊಸದಾಗಿ ಸೇರುವವರಿಗೆ 'ಅವ್ರಹಾಮನ ಮಗ' ಅಥವಾ 'ಅವ್ರಹಾಮನ ಮಗಳು' ಎಂದೇ ಹೆಸರು ಬರುತ್ತದೆ. ಹೊರಗಿನಿಂದ ಬಂದವರಿಗೂ ಮೂಲಪುರುಷನೇ ತಂದೆ. ರೋಗಿಯ ಗುಣಕ್ಕಾಗಿ ಪ್ರಾರ್ಥಿಸುವಾಗ ಮಾತ್ರ ಅಪ್ಪನ ಹೆಸರಲ್ಲ, ತಾಯಿಯ ಹೆಸರು ಹೇಳುತ್ತಾರೆ. ಇಂದು ಕೆಲವು ಉದಾರ ಪಂಥಗಳಲ್ಲಿ ಎಲ್ಲ ಸಂದರ್ಭಕ್ಕೂ ತಂದೆ-ತಾಯಿ ಇಬ್ಬರ ಹೆಸರನ್ನೂ ಸೇರಿಸುತ್ತಾರೆ.

ರೋಗಿಯ ಮಾತು ಬಂದದ್ದರಿಂದ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಯಾರಿಗಾದರೂ ಕಾಯಿಲೆ ಕೈಮೀರಿದರೆ ಹೆಸರಿಗೆ ಇನ್ನೊಂದು ಹೆಸರು ಸೇರಿಸುವುದುಂಟು. 'ಹಾಯಿಂ' ಎಂದರೆ ಜೀವ. 'ರಫಾಯೇಲ್' ಎಂದರೆ ದೇವರು ಗುಣಪಡಿಸುತ್ತಾನೆ. ಪೂರ್ವ ಯೂರೋಪಿನ ಯಹೂದಿಗಳ ಯಿಡ್ಡಿಷ್ ನುಡಿಯಲ್ಲಿ 'ಆಲ್ಟರ್' ಎಂದರೆ ಮುದುಕ; ತೊಟ್ಟಿಲಲ್ಲಿರುವ ಕೂಸು ಬಾಳಿ ಮುಪ್ಪಾಗಲಿ ಎಂದು ಅದಕ್ಕೇ ಮುದುಕನ ಹೆಸರು! ಇದು ಬರಿಯ ಮೌಢ್ಯವೆನ್ನುವ ಮುನ್ನ ಹಿಂದಿನವರು ಇದಕ್ಕೆ ಕೊಟ್ಟ ಅರ್ಥವನ್ನು ಕೇಳಿ. ವಿಧಿಯ ತೀರ್ಪನ್ನು ರದ್ದುಮಾಡುವ ನಾಲ್ಕು ಸಂಗತಿಗಳನ್ನು ತಾಲ್ಮುದ್ ಎಂಬ ಮಹಾಗ್ರಂಥ ಎಣಿಸುತ್ತದೆ: ದಾನ, ಮೊರೆ, ಹೆಸರಿನ ಬದಲಾವಣೆ, ನಡತೆಯ ಬದಲಾವಣೆ. ಪಶ್ಚಾತ್ತಾಪಪಟ್ಟವನು ಹೆಸರು ಬದಲಿಸಿಕೊಳ್ಳುವುದನ್ನು ಮೈಮೋನಿಡೀಸ್ ವಿವರಿಸಿದ ರೀತಿ ಸೊಗಸಾಗಿದೆ. ತಪ್ಪು ಮಾಡಿದ ಆ ಮನುಷ್ಯ ಬೇರೆ, ಈಗಿನ ನಾನು ಬೇರೆ ಎಂದು ಅವನು ಲೋಕಕ್ಕೆ ಸಾರುತ್ತಾನೆ. ಅಂದರೆ ಹೆಸರು ಮನುಷ್ಯನನ್ನು ಕಟ್ಟಿಹಾಕುವ ಗೂಟವಲ್ಲ. ಅವನು ಬದಲಾಗಬಲ್ಲ, ಬದಲಾದರೆ ಹೆಸರೂ ಸಾಕ್ಷಿ ಹೇಳುತ್ತದೆ.

ಬೈಬಲಿನಲ್ಲೇ ಇಂಥ ಬದಲಾವಣೆಗಳಿವೆ. ಅಬ್ರಾಮನು ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಅಬ್ರಹಾಮನಾಗುತ್ತಾನೆ, ಸಾರಯಳು ಸಾರಳಾಗುತ್ತಾಳೆ. ಅವರ ಮೊಮ್ಮಗ ಯಾಕೋಬನ ಕತೆ ಇನ್ನೂ ವಿಶೇಷ. ಅವನು ಹುಟ್ಟಿದ್ದೇ ಅಣ್ಣನ ಹಿಮ್ಮಡಿ ಹಿಡಿದುಕೊಂಡು; ಹೆಸರೂ ಹಾಗೆಯೇ ಬಂತು. ಮುಂದೆ ಅಣ್ಣನ ಹಕ್ಕನ್ನು ಉಪಾಯದಿಂದ ಕಿತ್ತುಕೊಂಡ. ವರ್ಷಗಳಾದ ಮೇಲೆ, ಅದೇ ಅಣ್ಣನನ್ನು ಎದುರಿಸಬೇಕಾದ ಹಿಂದಿನ ರಾತ್ರಿ, ಯಬ್ಬೋಕ್ ಹೊಳೆಯ ಬಳಿ ಒಬ್ಬ ಅಜ್ಞಾತನೊಡನೆ ಬೆಳಗಿನವರೆಗೆ ಸೆಣಸಿದ. ಆ ಸೆಣಸಿನ ಕೊನೆಗೆ ಅವನಿಗೆ ಹೊಸ ಹೆಸರು ಸಿಕ್ಕಿತು, ಜೊತೆಗೆ ಕುಂಟು ಕಾಲೂ ಸಿಕ್ಕಿತು. ಆ ಹೊಸ ಹೆಸರೇ 'ಇಸ್ರಾಯೇಲ್'. ದೇವರೊಡನೆ ಹೋರಾಡಿದವನು ಎಂದು ಬೈಬಲ್ ಅದಕ್ಕೆ ಅರ್ಥ ಕೊಡುತ್ತದೆ. ಒಂದು ಇಡೀ ಜನಾಂಗ ತನ್ನನ್ನು 'ಇಸ್ರಾಯೇಲನ ಮಕ್ಕಳು' ಎಂದು ಕರೆದುಕೊಂಡದ್ದು ಈ ಗಾಯಗೊಂಡ ಮನುಷ್ಯನಿಂದ. ಟಿಪ್ಪುವಿನ ಎದುರು ದಿವೇಕರ್ ಹೇಳಿದ್ದೂ ಇದೇ ಹೆಸರನ್ನು.

ಇಲ್ಲೊಂದು ಸೂಕ್ಷ್ಮವನ್ನು ರಬ್ಬಿಗಳು ಗಮನಿಸಿದ್ದರು. ಅಬ್ರಹಾಮನಾದ ಮೇಲೆ ಅವನ ಹಳೆಯ ಹೆಸರನ್ನು ಬಳಸಕೂಡದು. ಯಾಕೋಬನಿಗೆ ಹಾಗಲ್ಲ, ಹೊಸ ಹೆಸರು ಬಂದ ಮೇಲೂ ಗ್ರಂಥ ಅವನನ್ನು ಯಾಕೋಬನೆಂದೂ ಕರೆಯುತ್ತಲೇ ಹೋಗುತ್ತದೆ. ಹಳೆಯ ಗುರುತನ್ನು ಪೂರ್ತಿ ಕಳಚಿ ಹೊಸಬರಾಗುವವರು ಕೆಲವರು. ಎರಡನ್ನೂ ಹೊತ್ತು ಬಾಳುವವರು ಬಹಳ ಮಂದಿ.

ಮೋಶೆಯ ಹೆಸರಿನಲ್ಲಿ ಇನ್ನೊಂದು ಬೆರಗಿದೆ. ಯಹೂದಿಗಳ ಅತಿ ದೊಡ್ಡ ಪ್ರವಾದಿಗೆ ಹೆಸರಿಟ್ಟವಳು ಯಹೂದಿಯಲ್ಲ. ಹೊಳೆಯಲ್ಲಿ ಸಿಕ್ಕ ಕೂಸನ್ನು ಎತ್ತಿಕೊಂಡ ಈಜಿಪ್ಟಿನ ರಾಜಕುಮಾರಿ, ಶತ್ರುವಿನ ಮಗಳು. ಮೋಶೆಗೆ ಇನ್ನೂ ಅನೇಕ ಹೆಸರುಗಳಿದ್ದವು, ಆದರೆ ದೇವರು ಅವನನ್ನು ಕರೆದದ್ದು ಆಕೆ ಇಟ್ಟ ಹೆಸರಿನಿಂದಲೇ ಎಂದು ಮಿದ್ರಾಶ್ ಹೇಳುತ್ತದೆ. ಹೆತ್ತವರ ಹೆಸರಿಗಿಂತ ಪ್ರಾಣ ಉಳಿಸಿದವಳ ಕರುಣೆಯ ಹೆಸರು ಉಳಿಯಿತು. ಮೋಶೆಯ ಕತೆಯಿರುವ ಪುಸ್ತಕವನ್ನು ನಾವು 'ವಿಮೋಚನಕಾಂಡ' ಎನ್ನುತ್ತೇವೆ. ಹೀಬ್ರೂವಿನಲ್ಲಿ ಅದಕ್ಕೆ 'ಶೆಮೋತ್' ಎಂದು ಹೆಸರು, ಹಾಗೆಂದರೆ 'ಹೆಸರುಗಳು'. ದಾಸ್ಯದ ಕತೆಯನ್ನು ಆ ಗ್ರಂಥ ಆರಂಭಿಸುವುದೇ ಈಜಿಪ್ಟಿಗೆ ಬಂದವರ ಹೆಸರುಗಳ ಪಟ್ಟಿಯಿಂದ.

ಇನ್ನು ಎರಡನೆಯ ಹೆಸರು: ಲೋಕದವರು ಕರೆಯುವುದು. ಇದರಲ್ಲಿ ಪ್ರೀತಿಯೂ ಇರಬಹುದು, ತಾತ್ಸಾರವೂ ಇರಬಹುದು. ಆದರೆ 'ಲೋಕ' ಎಂದರೆ ಸರ್ಕಾರ ಎಂದಾದಾಗ ಅದು ಬೇರೆಯೇ ರೂಪ ತಾಳುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯವರೆಗೆ ಮಧ್ಯ ಮತ್ತು ಪೂರ್ವ ಯೂರೋಪಿನ ಹೆಚ್ಚಿನ ಯಹೂದಿಗಳಿಗೆ ಸ್ಥಿರವಾದ ಮನೆತನದ ಹೆಸರು ಇರಲಿಲ್ಲ. ತಂದೆಯ ಹೆಸರೇ ಸಾಕಾಗುತ್ತಿತ್ತು. ಆದರೆ ಆಧುನಿಕ ರಾಜ್ಯಕ್ಕೆ ಅದು ಸಾಲದು. ತೆರಿಗೆ ವಸೂಲಿಗೆ, ಸೈನ್ಯಕ್ಕೆ ಸೇರಿಸಲು, ಕೋರ್ಟಿನ ಕಾಗದಕ್ಕೆ ತಲೆಮಾರಿನಿಂದ ತಲೆಮಾರಿಗೆ ಬದಲಾಗದ ಹೆಸರು ಬೇಕು. ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಜೋಸೆಫ್ 1787ರಲ್ಲಿ, ತನ್ನ ರಾಜ್ಯದ ಯಹೂದಿಗಳೆಲ್ಲ ಜರ್ಮನ್ ಕುಲನಾಮ ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. 1808ರಲ್ಲಿ ಫ್ರಾನ್ಸಿನಲ್ಲಿ ನೆಪೋಲಿಯನ್ ಇಂಥದೇ ಆಜ್ಞೆ ಮಾಡಿದ. 1812ರಲ್ಲಿ ಪ್ರಷ್ಯಾದಲ್ಲಿ ನಾಗರಿಕ ಹಕ್ಕು ಬೇಕಿದ್ದರೆ ಕುಲನಾಮ ಬೇಕು ಎಂಬ ಷರತ್ತು ಬಂತು. ಹಕ್ಕು ಮತ್ತು ಹಿಡಿತ ಎರಡೂ ಒಂದೇ ಕಾಗದದಲ್ಲಿ ಬಂದವು ಎನ್ನಬೇಕು.

ಇಂದು ನಾವು 'ಯಹೂದಿ ಹೆಸರು' ಎಂದು ಗುರುತಿಸುವ ಅನೇಕವು ಹೀಗೆ ಹುಟ್ಟಿದವು. ಷ್ನೈಡರ್ ಎಂದರೆ ದರ್ಜಿ. ಬರ್ಲಿನರ್ ಎಂದರೆ ಬರ್ಲಿನ್ ಊರಿನವನು. ಗೋಲ್ಡ್‌ಬರ್ಗ್ ಎಂದರೆ ಚಿನ್ನದ ಬೆಟ್ಟ, ರೋಸೆಂಥಾಲ್ ಎಂದರೆ ಗುಲಾಬಿಯ ಕಣಿವೆ. ಇವೆಲ್ಲ ಅಪ್ಪಟ ಜರ್ಮನ್ ಮಾತುಗಳು. ಕೊಹೆನ್, ಲೆವಿ ಎಂಬಂಥವು ಮಾತ್ರ ಪ್ರಾಚೀನ ದೇವಾಲಯದ ಯಾಜಕರ ಹಾಗೂ ಸೇವಕರ ವಂಶವನ್ನು ಸೂಚಿಸುವ ಹೀಬ್ರೂ ಹೆಸರುಗಳು.

ಹೀಗೆ ಯಹೂದಿಗೆ ಎರಡು ಹೆಸರು ರೂಢಿಯಾಯಿತು. ಅಂಗಡಿಯ ಫಲಕದ ಮೇಲೆ ಒಂದು, ಸಿನಗಾಗಿನಲ್ಲಿ ಗ್ರಂಥ ಪಠಣಕ್ಕೆ ಕರೆಯುವಾಗ ಇನ್ನೊಂದು. ಹೊರಗೆ ಹಿರ್ಷ್ ಎನಿಸಿಕೊಂಡವನು ಒಳಗೆ ಜ್ವಿ. ಯಿಡ್ಡಿಷಿನ ಹಿರ್ಷ್, ಹೀಬ್ರೂವಿನ ಜ್ವಿ ಎರಡರ ಅರ್ಥವೂ ಜಿಂಕೆಯೇ. ಯಹೂದಿ ಧರ್ಮಶಾಸ್ತ್ರ ಈ ಬಹುನಾಮಗಳನ್ನು ಸಹಜವೆಂದೇ ಒಪ್ಪಿಕೊಂಡಿತ್ತು. ವಿಚ್ಛೇದನ ಪತ್ರದಲ್ಲಿ ಆ ವ್ಯಕ್ತಿಗೆ ಇರುವ ಇತರ ಯಾವುದೇ ಹೆಸರೂ ಸೇರಬೇಕೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ನಿಯಮವಾಗಿತ್ತು. ಎಲ್ಲ ಹೆಸರುಗಳೂ ಸೇರಿಯೇ ಒಬ್ಬ ಮನುಷ್ಯ ಎಂಬ ತಿಳಿವಳಿಕೆ ಅದರಲ್ಲಿದೆ.

ಅಮೆರಿಕಕ್ಕೆ ವಲಸೆ ಹೋದವರ ಕತೆ ನೀವು ಕೇಳಿರಬಹುದು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಗುಮಾಸ್ತರು ವಲಸಿಗರ ಹೆಸರುಗಳನ್ನು ಕತ್ತರಿಸಿ ಬದಲಿಸಿದರು ಎಂಬ ಕತೆ. ಇದು ದಂತಕತೆ. ಅಲ್ಲಿನ ಅಧಿಕಾರಿಗಳು ಹಡಗಿನವರು ತಂದ ಪಟ್ಟಿಯನ್ನು ನೋಡಿ ತಾಳೆ ಹಾಕುತ್ತಿದ್ದರೇ ಹೊರತು ಹೊಸ ಹೆಸರು ಬರೆಯುತ್ತಿರಲಿಲ್ಲ. ಹೆಸರು ಬದಲಾದದ್ದು ಆಮೇಲೆ, ಬಹುಮಟ್ಟಿಗೆ ಅವರವರ ಕೈಯಿಂದಲೇ. ನ್ಯೂಯಾರ್ಕಿನ ಕೋರ್ಟುಗಳಿಗೆ ಬಂದ ಹೆಸರು ಬದಲಾವಣೆಯ ಅರ್ಜಿಗಳನ್ನು ಅಧ್ಯಯನ ಮಾಡಿದ ಇತಿಹಾಸಕಾರ್ತಿ ಕರ್ಸ್ಟನ್ ಫರ್ಮಾಗ್ಲಿಚ್ 2018ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಹೆಸರು ನೋಡಿಯೇ ಕೆಲಸ ಕೊಡದ, ಕಾಲೇಜಿಗೆ ಸೇರಿಸಿಕೊಳ್ಳದ ಕಾಲವದು. ಎಷ್ಟೋ ಕುಟುಂಬಗಳು ಒಟ್ಟಾಗಿಯೇ ಅರ್ಜಿ ಹಾಕಿದವು. ಹಾಗೆ ಬದಲಿಸಿಕೊಂಡವರಲ್ಲಿ ಅನೇಕರು ಯಹೂದಿಗಳಾಗಿಯೇ ಉಳಿದರು. ಹಾಗಿದ್ದರೆ ಗುಮಾಸ್ತನ ಕತೆ ಏಕೆ ಹುಟ್ಟಿತು? ಅಜ್ಜ ತಾನೇ ಹೆಸರು ಬಿಟ್ಟ ಎಂದು ಒಪ್ಪಿಕೊಳ್ಳುವುದಕ್ಕಿಂತ ಯಾರೋ ಕಿತ್ತುಕೊಂಡರು ಎಂದುಕೊಳ್ಳುವುದು ಮನಸ್ಸಿಗೆ ಹಗುರ. ಹೆಸರು ಬಿಡುವುದರಲ್ಲಿ ಎಷ್ಟು ನೋವಿತ್ತು ಎಂಬುದನ್ನು ಆ ದಂತಕತೆಯೇ ಹೇಳುತ್ತದೆ.

ನಿಜಕ್ಕೂ ಕಿತ್ತುಕೊಂಡದ್ದು ಜರ್ಮನಿಯಲ್ಲಿ. 1938ರ ಆಗಸ್ಟ್ 17ರಂದು ನಾಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಸರ್ಕಾರ ಒಪ್ಪಿದ 'ಯಹೂದಿ ಹೆಸರು'ಗಳ ಒಂದು ಪಟ್ಟಿ ಇತ್ತು. ಅದರಲ್ಲಿಲ್ಲದ ಹೆಸರುಳ್ಳ ಯಹೂದಿಗಳು 1939ರ ಜನವರಿ 1ರಿಂದ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕು: ಗಂಡಸರೆಲ್ಲ 'ಇಸ್ರಾಯೇಲ್', ಹೆಂಗಸರೆಲ್ಲ 'ಸಾರ'. ಅದನ್ನು ಸರ್ಕಾರಿ ಕಚೇರಿಯಲ್ಲಿ ಬರೆಯಿಸಬೇಕು, ವ್ಯವಹಾರದ ಕಾಗದಗಳಲ್ಲಿ ಬಳಸಬೇಕು. ತಪ್ಪಿದರೆ ಶಿಕ್ಷೆ.

ಸ್ವಲ್ಪ ಯೋಚಿಸಿ. ಇಸ್ರಾಯೇಲ್ ಎಂಬುದು ಯಾಕೋಬ ರಾತ್ರಿಯಿಡೀ ಸೆಣಸಿ ಗಳಿಸಿದ ಹೆಸರು. ಸಾರ ಮೂಲಮಾತೆಯ ಹೆಸರು. ನಾಜಿಗಳು ಅವಮಾನಕ್ಕೆಂದು ಹೊಸ ಬೈಗುಳವನ್ನು ಹುಡುಕಲಿಲ್ಲ. ಆ ಜನ ತಲೆಯ ಮೇಲಿಟ್ಟುಕೊಂಡ ಹೆಸರುಗಳನ್ನೇ ತೆಗೆದು ಹಣೆಗೆ ಬರೆ ಎಳೆದರು. ಎಲ್ಲರಿಗೂ ಒಂದೇ ಹೆಸರು ಕೊಟ್ಟರೆ ಯಾರಿಗೂ ಹೆಸರು ಕೊಡದಂತೆಯೇ. ಹೆಸರಿನ ಕೆಲಸವೇ ಒಬ್ಬನನ್ನು ಇನ್ನೊಬ್ಬನಿಂದ ಬೇರೆಯಾಗಿ ತೋರುವುದು. ಆ ಕೆಲಸವನ್ನೇ ಇಲ್ಲಿ ತಲೆಕೆಳಗು ಮಾಡಲಾಯಿತು.

ಮುಂದಿನ ಹೆಜ್ಜೆ ಸಂಖ್ಯೆ. ಆಷ್‌ವಿಟ್ಜ್ ಶಿಬಿರದಲ್ಲಿ ದುಡಿಮೆಗೆ ಆರಿಸಿಕೊಂಡ ಕೈದಿಗಳ ತೋಳಿನ ಮೇಲೆ ಸಂಖ್ಯೆ ಹಚ್ಚೆ ಹಾಕುತ್ತಿದ್ದರು. ರೈಲಿನಿಂದ ಇಳಿಸಿ ನೇರವಾಗಿ ಕೊಲೆಗೆ ಕಳುಹಿಸಿದವರಿಗೆ ಆ ಸಂಖ್ಯೆಯೂ ಇಲ್ಲ. ಇಟಲಿಯ ರಸಾಯನಶಾಸ್ತ್ರಜ್ಞ, ಲೇಖಕ ಪ್ರಿಮೊ ಲೆವಿಯ ಸಂಖ್ಯೆ 174517. ಬದುಕಿ ಬಂದ ಅವರು ಆ ಅನುಭವವನ್ನು 1947ರಲ್ಲಿ ಪುಸ್ತಕವಾಗಿಸಿದರು. 1987ರಲ್ಲಿ ತೀರಿಕೊಂಡರು. ತುರಿನ್ ನಗರದಲ್ಲಿರುವ ಅವರ ಸಮಾಧಿಯ ಮೇಲೆ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷಗಳು, ಅವುಗಳ ಜೊತೆಗೆ ಆ ಸಂಖ್ಯೆಯೂ ಇದೆ. ಮನುಷ್ಯನನ್ನು ಅಳಿಸಲು ಹಾಕಿದ ಅಂಕಿ ಅಲ್ಲಿ ಅಪರಾಧದ ಸಾಕ್ಷಿಯಾಗಿ ನಿಂತಿದೆ.

ಮೂರನೆಯದು ಗಳಿಸಿಕೊಂಡ ಹೆಸರು. ತಾನೇ ಆರಿಸಿಕೊಂಡ ಹೆಸರೆಂದರೆ ಗಳಿಸಿಕೊಂಡಂತೆಯೇ? ಅನೇಕರು ಹಾಗೆ ತಿಳಿದದ್ದುಂಟು. ಹೀಬ್ರೂವನ್ನು ಮತ್ತೆ ಆಡುನುಡಿಯಾಗಿಸಲು ಬಾಳು ಸವೆಸಿದ ಎಲಿಯೆಜರ್ ಬೆನ್ ಯೆಹೂದಾ ಹುಟ್ಟಿದ್ದು ಪರ್ಲ್‌ಮನ್ ಆಗಿ. ಇಸ್ರೇಲಿನ ಮೊದಲ ಪ್ರಧಾನಿ ಡೇವಿಡ್ ಬೆನ್ ಗುರಿಯನ್ ಹುಟ್ಟಿದ್ದು ಗ್ರೂನ್ ಆಗಿ. ಗೋಲ್ಡಾ ಮೆಯರ್ಸನ್ 1956ರಲ್ಲಿ ಗೋಲ್ಡಾ ಮೇಯಿರ್ ಆದರು. 1966ರಲ್ಲಿ ನೊಬೆಲ್ ಪಡೆದ ಕತೆಗಾರ ಅಗ್ನೊನ್ 1908ರಲ್ಲಿ ಪ್ರಕಟಿಸಿದ ತಮ್ಮದೇ ಕತೆಯೊಂದರ ಶೀರ್ಷಿಕೆಯಿಂದ ಆ ಹೆಸರನ್ನು ಮಾಡಿಕೊಂಡರು. ಪರದೇಶದ ದೊರೆಗಳು ಹೇರಿದ ಹೆಸರನ್ನು ಕಳಚುವುದು ಇವರ ಪಾಲಿಗೆ ಸ್ವಾತಂತ್ರ್ಯದ ಒಂದು ಭಾಗವಾಗಿತ್ತು.

ಆದರೆ ಇದರಲ್ಲೂ ಒಂದು ಮುಳ್ಳಿದೆ. ಬೆನ್ ಗುರಿಯನ್ ತಮ್ಮ ಸೇನಾಧಿಕಾರಿಗಳೂ ರಾಯಭಾರಿಗಳೂ ಹೀಬ್ರೂ ಹೆಸರು ಇಟ್ಟುಕೊಳ್ಳಬೇಕೆಂದು ಒತ್ತಾಯಿಸಿದರು. ಅರಬ್ ದೇಶಗಳಿಂದ ಬಂದ ಯಹೂದಿ ಮಕ್ಕಳ ಹೆಸರುಗಳನ್ನು ಶಾಲೆಗಳಲ್ಲಿ, ಕಚೇರಿಗಳಲ್ಲಿ ಬದಲಿಸಿದ ಉದಾಹರಣೆಗಳು ಬೇಕಾದಷ್ಟಿವೆ. 1980ರ ದಶಕದಲ್ಲಿ ಇಥಿಯೋಪಿಯದಿಂದ ಬಂದವರಿಗೂ ಇದೇ ಆಯಿತು. ಹೊಸ ನಾಡು ಕೊಟ್ಟ ಹೊಸ ಹೆಸರು ಕೆಲವರಿಗೆ ಬಿಡುಗಡೆಯಾದರೆ, ಮತ್ತೆ ಕೆಲವರಿಗೆ ಅಜ್ಜ-ಅಜ್ಜಿಯರಿಂದ ಕಡಿದುಹೋದ ಬಳ್ಳಿಯಾಯಿತು. ತನ್ನ ಜನರ ಸರ್ಕಾರವೇ ಇಟ್ಟರೂ ಸರ್ಕಾರ ಇಟ್ಟ ಹೆಸರು ಎರಡನೆಯ ಬಗೆಯದೇ, ಮೂರನೆಯದಲ್ಲ.

ದಿವೇಕರನ ಜನಕ್ಕೂ ಇಂಥ ಒಂದು ಅನುಭವ ಕಾದಿತ್ತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಬೆನೆ ಇಸ್ರೇಲ್‌ಗಳಲ್ಲಿ ಹೆಚ್ಚಿನವರು ಕಾಲಾಂತರದಲ್ಲಿ ಅಲ್ಲಿಗೆ ಹೋದರು. 1960ರ ದಶಕದ ಆರಂಭದಲ್ಲಿ ಅಲ್ಲಿನ ಧರ್ಮಾಧಿಕಾರಿಗಳು ಇವರ ಮದುವೆಗಳಿಗೆ ತಕರಾರು ತೆಗೆದರು. ನೀವು ಪೂರ್ತಿ ಯಹೂದಿಗಳೇ? ನಿಮ್ಮ ವಂಶಾವಳಿ ತೋರಿಸಿ ಎಂದರು. ಮೈಸೂರಿನ ರಾಜಮಾತೆ ಕೇಳಿದೊಡನೆ ಒಪ್ಪಿದ ಹೆಸರನ್ನು ಆ ಹೆಸರಿನ ದೇಶದಲ್ಲೇ ಅನುಮಾನಿಸಿದರು! ಬೆನೆ ಇಸ್ರೇಲ್‌ಗಳು ಪ್ರತಿಭಟನೆಗೆ ಕುಳಿತರು. ಕೊನೆಗೆ 1964ರ ಆಗಸ್ಟ್‌ನಲ್ಲಿ ಇಸ್ರೇಲಿನ ಸಂಸತ್ತು, ಇವರು ಎಲ್ಲ ಬಗೆಯಲ್ಲೂ ಯಹೂದಿಗಳೇ ಎಂದು ಸಾರಬೇಕಾಯಿತು.

ಹಾಗಾದರೆ ರಬ್ಬಿಗಳು ಹೇಳಿದ ಮೂರನೆಯ ಹೆಸರು ಯಾವುದು? ಅದು ನೋಂದಣಿ ಪುಸ್ತಕದಲ್ಲಿ ಬರೆಯಲಾಗದ್ದು. ವಿದ್ಯೆಯ ಕಿರೀಟ, ಪೌರೋಹಿತ್ಯದ ಕಿರೀಟ, ರಾಜ್ಯದ ಕಿರೀಟ ಎಂದು ಮೂರನ್ನು ಎಣಿಸಿ, ಒಳ್ಳೆಯ ಹೆಸರಿನ ಕಿರೀಟ ಇವೆಲ್ಲಕ್ಕೂ ಮೇಲು ಎಂದು ಅವರ ನೀತಿಗ್ರಂಥ ಹೇಳುತ್ತದೆ. ಇದಕ್ಕೊಂದು ನಿದರ್ಶನ ಇಸ್ರಾಯೇಲ್ ಮೇಯಿರ್ ಕಗಾನ್ (1838–1933) ಎಂಬ ರಬ್ಬಿ. ಅವರು 1873ರಲ್ಲಿ ಚಾಡಿ, ನಿಂದೆಗಳಿಂದ ನಾಲಗೆಯನ್ನು ಕಾಯ್ದುಕೊಳ್ಳುವುದು ಹೇಗೆಂದು 'ಹಫೇತ್ಸ್ ಹಾಯಿಂ' ಎಂಬ ಪುಸ್ತಕ ಪ್ರಕಟಿಸಿದರು. ಬದುಕನ್ನು ಬಯಸುವವನು ಎಂದು ಅದರ ಅರ್ಥ. ಜನ ಅವರನ್ನು ಆ ಪುಸ್ತಕದ ಹೆಸರಿನಿಂದಲೇ ಕರೆದರು. ಇನ್ನೊಬ್ಬರ ಹೆಸರು ಕೆಡಿಸಬೇಡಿ ಎಂದು ಬೋಧಿಸಿದವರ ಸ್ವಂತ ಹೆಸರೇ ಆ ಬೋಧನೆಯಲ್ಲಿ ಕರಗಿಹೋಯಿತು.

ಗಳಿಸಿಕೊಳ್ಳಲು ಬದುಕು ಬೇಕು. ಆ ಅವಕಾಶವೇ ಸಿಗದ ಮಕ್ಕಳ ಗತಿ? ವಾರ್ಸಾದ ಯಹೂದಿ ಕೇರಿಯನ್ನು ನಾಜಿಗಳು ಗೋಡೆ ಕಟ್ಟಿ ಮುಚ್ಚಿದ್ದಾಗ, ಇತಿಹಾಸಕಾರ ಎಮಾನ್ಯುಯೆಲ್ ರಿಂಗೆಲ್‌ಬ್ಲುಂ ಒಂದು ಗುಪ್ತ ದಾಖಲೆ ಸಂಗ್ರಹ ಕಟ್ಟಿದರು. 1942ರ ಆಗಸ್ಟ್‌ನಲ್ಲಿ, ದಿನದಿನವೂ ಸಾವಿರಾರು ಜನರನ್ನು ಸಾವಿನ ಶಿಬಿರಕ್ಕೆ ಸಾಗಿಸುತ್ತಿದ್ದಾಗ, ಇಸ್ರಾಯೇಲ್ ಲಿಖ್ಟೆನ್‌ಸ್ಟೈನ್ ಎಂಬ ಉಪಾಧ್ಯಾಯರು ಆ ದಾಖಲೆಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಶಾಲೆಯೊಂದರ ಕೆಳಗೆ ಹೂತರು. ಜೊತೆಗೆ ತಮ್ಮ ಕೊನೆಯ ಬಯಕೆಯನ್ನೂ ಬರೆದಿಟ್ಟರು. ತನಗೆ ಕೀರ್ತಿ ಬೇಡ. ಚಿತ್ರಕಲಾವಿದೆಯಾದ ಹೆಂಡತಿ ಗೆಲೆ ಸೆಕ್‌ಸ್ಟೈನಳ ಹೆಸರನ್ನೂ, ಇಪ್ಪತ್ತು ತಿಂಗಳ ಮಗಳು ಮಾರ್ಗಲಿತ್‌ಳ ಹೆಸರನ್ನೂ ಯಾರಾದರೂ ನೆನೆಯಲಿ ಎಂದಷ್ಟೇ ಆತ ಕೇಳಿದರು. ಮೂವರೂ ಉಳಿಯಲಿಲ್ಲ. ಪೆಟ್ಟಿಗೆಗಳು 1946ರಲ್ಲಿ ಸಿಕ್ಕವು. ಆ ಕಾಗದದಿಂದಾಗಿ ಇಂದು, ಇಷ್ಟು ದೂರದ ಈ ಸಭೆಯಲ್ಲಿ, ಒಂದು ಕೂಸಿನ ಹೆಸರನ್ನು ನಾವು ಹೇಳಿದೆವು.

ಹೆಸರು ಹಿಂದಿರುಗಿಸುವ ಕೆಲಸ ಇನ್ನೂ ನಡೆಯುತ್ತಿದೆ. ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪನೆಯಾದ ಯಾದ್ ವಶೇಮ್ ಎಂಬ ಸ್ಮಾರಕ ಸಂಸ್ಥೆಯಿದೆ. ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದಿಂದ ತೆಗೆದುಕೊಂಡ ಆ ಮಾತಿಗೆ 'ಸ್ಮಾರಕ ಮತ್ತು ಹೆಸರು' ಎಂದರ್ಥ. ಕೊಲೆಯಾದ ಸುಮಾರು 60 ಲಕ್ಷ ಜನರಲ್ಲಿ ಒಬ್ಬೊಬ್ಬರ ಹೆಸರನ್ನೂ ಬಂಧುಗಳಿಂದ, ಹಳೆಯ ಪಟ್ಟಿಗಳಿಂದ, ಕಾಗದಪತ್ರಗಳಿಂದ ಅದು ಕೂಡಿಸುತ್ತ ಬಂದಿದೆ. 2025ರ ಕೊನೆಯ ವೇಳೆಗೆ 50 ಲಕ್ಷ ಹೆಸರುಗಳು ಸಿಕ್ಕಿವೆ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಿಂದ, ನಾಜಿಗಳಿಗೆ ಬಲಿಯಾದವರು ವಾಸವಿದ್ದ ಮನೆಗಳ ಮುಂದಿನ ಕಾಲುದಾರಿಯಲ್ಲಿ ಅಂಗೈಯಗಲದ ಹಿತ್ತಾಳೆ ಹೊದಿಸಿದ ಕಲ್ಲುಗಳನ್ನು ಹುದುಗಿಸುತ್ತ ಬಂದರು. ಸಾಮಾನ್ಯವಾಗಿ ಒಂದು ಕಲ್ಲಿಗೆ ಒಬ್ಬರದೇ ಹೆಸರು. 2023ರಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಆ ಬರಹ ಓದಬೇಕಾದರೆ ದಾರಿಹೋಕ ತಲೆ ಬಾಗಿಸಲೇಬೇಕು.

ಇನ್ನು ಮುಗಿಸುತ್ತೇನೆ. ಸೆರೆಯಿಂದ ಬಿಡುಗಡೆಯಾದ ದಿವೇಕರ್ ಮುಂಬಯಿಗೆ ಮರಳಿದ. ಬದುಕಿ ಹೋದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದನಂತೆ. ಹಾಗೆಯೇ ಸಿನಗಾಗ್ ಕಟ್ಟಿಸಿದ. ಅದರ ಹೀಬ್ರೂ ಹೆಸರು 'ಶಾರ್ ಹರಹಮೀಮ್', ಕರುಣೆಯ ಬಾಗಿಲು. ಆ ಬೀದಿಯನ್ನು ಜನ ಅವನ ಹೆಸರಿನಿಂದ ಸ್ಯಾಮ್ಯುಯೆಲ್ ಬೀದಿ ಎಂದು ಕರೆದರು ಎನ್ನುತ್ತಾರೆ.

ಸಾಮಾಜಿ ಎಂಬುದು ತಂದೆ-ತಾಯಿ ಇಟ್ಟದ್ದು. ಶನಿವಾರ ತೇಲಿ ಎಂಬುದು ಲೋಕ ಕರೆದದ್ದು. ಮೂರನೆಯದು ಆ ಬಾಗಿಲು. ಅದರಲ್ಲಿ ಸೆರೆಯಾಳೊಬ್ಬನ ಕೃತಜ್ಞತೆಯಿದೆ. ಪರಧರ್ಮದವನ ಹೆಸರನ್ನು ಕೇಳಿ, ಇವನು ನಮ್ಮ ಗ್ರಂಥದಲ್ಲಿರುವವನು ಎಂದು ಗುರುತಿಸಿದ ಒಬ್ಬ ತಾಯಿಯ ನೆನಪೂ ಇದೆ. ನಮ್ಮ ಹೆಸರಿನ ಎರಡು ಪಾಲು ನಮ್ಮ ಕೈಯಲ್ಲಿಲ್ಲ. ನಾವು ಗಳಿಸಬಹುದಾದ ಮೂರನೆಯ ಪಾಲು ಬಹುಮಟ್ಟಿಗೆ, ಇನ್ನೊಬ್ಬರ ಹೆಸರನ್ನು ನಾವು ಹೇಗೆ ಕೇಳಿಸಿಕೊಂಡೆವು ಎಂಬುದರಲ್ಲೇ ಇದೆ.